ಒಡೆದ ಮೇಲೂ ನಿಲ್ಲುವ ಗಾಜು: ರೇಲಿಂಗಿಗೆ ಪಿವಿಬಿಯೋ, ಎಸ್‌ಜಿಪಿಯೋ?

ಪ್ರಶ್ನೆ: ಮಂಗಳೂರಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಎರಡನೇ ಮಹಡಿಯ ಬಾಲ್ಕನಿ ಸಮುದ್ರದ ಕಡೆಗಿದೆ. ನೋಟಕ್ಕೆ ಅಡ್ಡ ಬರಬಾರದು ಅಂತ ಕಂಬ, ಹ್ಯಾಂಡ್‌ರೈಲ್ ಏನೂ ಇಲ್ಲದ ಗಾಜಿನ ರೇಲಿಂಗ್ ಹಾಕಿಸುವ ಯೋಚನೆ. ಕೆಳಗೆ ಅಲ್ಯೂಮಿನಿಯಂ ಚಾನೆಲ್, ಅದರಲ್ಲಿ ನಿಲ್ಲಿಸಿದ 1.1 ಮೀಟರ್ ಎತ್ತರದ ಗಾಜು, ಅಷ್ಟೇ. ಮೂವರು ಫ್ಯಾಬ್ರಿಕೇಟರ್‌ಗಳನ್ನು ಕೇಳಿದೆವು. ಒಬ್ಬರು 12 ಮಿ.ಮೀ. ಟಫನ್ಡ್ (ಕಾಯಿಸಿ ದಿಢೀರನೆ ತಣಿಸಿ ಗಟ್ಟಿ ಮಾಡಿದ ಗಾಜು) ಒಂದೇ ಸಾಕು ಅಂದರು. ಎರಡನೆಯವರು 10+10 ಲ್ಯಾಮಿನೇಟೆಡ್, ಅಂದರೆ 10 ಮಿ.ಮೀ.ನ ಎರಡು ಗಾಜು, ನಡುವೆ ಅಂಟಿಸಿದ ಪಿವಿಬಿ ಎಂಬ ಪ್ಲಾಸ್ಟಿಕ್ ಹಾಳೆ ಅಂದರು. ಮೂರನೆಯವರು ಎಸ್‌ಜಿಪಿ ಎಂಬ ಬೇರೆ ಹಾಳೆ ಹಾಕಿಸಿ, ಅದು ಪಿವಿಬಿಗಿಂತ ನೂರು ಪಟ್ಟು ಗಟ್ಟಿ, ಹಾಗಾಗಿ 8+8 ಸಾಕು, ಗಾಜೂ ತಿಳಿಯಾಗಿ ಕಾಣುತ್ತದೆ ಎನ್ನುತ್ತಾರೆ. ರೇಟು ಮಾತ್ರ ಜಾಸ್ತಿ. ನಡುವಿನ ಪ್ಲಾಸ್ಟಿಕ್ ಹಾಳೆಗೆ ಇಷ್ಟು ದುಡ್ಡು ಸುರಿಯಬೇಕಾ? ಮುಂಬಾಗಿಲ ಮೇಲೆ ಒಂದು ಚಿಕ್ಕ ಗಾಜಿನ ಕ್ಯಾನೊಪಿಯೂ ಇದೆ. ಅದಕ್ಕೂ ಅದೇ ಬೇಕಾ?

ಉತ್ತರ: ಮೊದಲನೆಯವರ ಕೊಟೇಶನ್ ಪಕ್ಕಕ್ಕಿಡಿ. ಅದರ ಬಗ್ಗೆ ಯೋಚನೆಯೇ ಬೇಡ. 12 ಮಿ.ಮೀ. ಟಫನ್ಡ್ ಗಾಜು ಬಲದಲ್ಲಿ ಕಡಿಮೆಯೇನಲ್ಲ, ನೀವು ಒರಗಿದರೆ ಮುರಿಯುವುದೂ ಇಲ್ಲ. ತೊಂದರೆ ಇರುವುದು ಅದು ಒಡೆಯುವ ರೀತಿಯಲ್ಲಿ. ಟಫನ್ಡ್ ಗಾಜು ಒಡೆದರೆ ಇಡೀ ಹಾಳೆ ಒಂದೇ ಕ್ಷಣದಲ್ಲಿ ಕಡಲೆಬೇಳೆ ಗಾತ್ರದ ಚೂರುಗಳಾಗಿ ಉದುರುತ್ತದೆ. ಅಂಚಿಗೆ ಬಿದ್ದ ಒಂದು ಸಣ್ಣ ಏಟು ಸಾಕು. ಕೆಲವೊಮ್ಮೆ ಏಟೂ ಬೇಕಿಲ್ಲ. ಗಾಜಿನೊಳಗೆ ಸೇರಿಕೊಂಡ ನಿಕೆಲ್ ಸಲ್ಫೈಡಿನ ಸೂಕ್ಷ್ಮ ಕಣ ವರ್ಷಗಳ ಮೇಲೆ ನಿಧಾನಕ್ಕೆ ಹಿಗ್ಗಿ, ಯಾರೂ ಮುಟ್ಟದೆಯೂ ಗಾಜು ಸಿಡಿಯುವುದುಂಟು. ಹೀಟ್ ಸೋಕ್ ಪರೀಕ್ಷೆ (ಗಾಜನ್ನು ಮೊದಲೇ ಓವನ್ನಿನಲ್ಲಿ ಕಾಯಿಸಿ, ಅಂಥ ಕಣ ಇರುವ ಗಾಜು ಅಲ್ಲೇ ಒಡೆಯುವಂತೆ ಮಾಡುವುದು) ಮಾಡಿಸಿದರೆ ಆ ಸಾಧ್ಯತೆ ತುಂಬಾ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಹಾಗೇನಾದರೂ ಆದರೆ ನಿಮ್ಮ ಎರಡನೇ ಮಹಡಿಗೆ ಆ ಕ್ಷಣದಿಂದ ರೇಲಿಂಗೇ ಇರುವುದಿಲ್ಲ. ಕೆಳಗೆ ನಿಂತವರ ತಲೆ ಮೇಲೆ ಚೂರುಗಳ ಮಳೆ ಬೇರೆ.

ಹಾಗಾಗಿ ಲ್ಯಾಮಿನೇಟೆಡ್ ಬೇಕೇ ಬೇಕು. ಉಳಿಯುವ ಪ್ರಶ್ನೆ ನಡುವಿನ ಹಾಳೆಯದು. ಈ ಹಾಳೆಯನ್ನು ಆರಿಸುವಾಗ ನಾನು ಮೊದಲು ಕೇಳುವುದು ಒಂದೇ: ಎರಡೂ ಗಾಜು ಒಡೆದ ಮೇಲೆ ಅಲ್ಲಿ ಏನು ನಿಂತಿರುತ್ತದೆ? "ನೂರು ಪಟ್ಟು ಗಟ್ಟಿ" ಎನ್ನುವ ಲೆಕ್ಕ ಆಮೇಲಿನದು.

ಈ ಹಾಳೆಗಳು ಏನು ಅಂತ ಸ್ವಲ್ಪ ನೋಡೋಣ. ಪಿವಿಬಿ ಎಂದರೆ ಪಾಲಿವಿನೈಲ್ ಬ್ಯುಟೈರಲ್. ನಿಮ್ಮ ಕಾರಿನ ಮುಂದಿನ ಗಾಜಿನಲ್ಲಿ ಇರುವುದೂ ಇದೇ. ಈ ಪ್ಲಾಸ್ಟಿಕ್ ಮೂಲದಲ್ಲಿ ಗಡುಸು. ಅದಕ್ಕೆ ತೂಕದಲ್ಲಿ ಸುಮಾರು ಕಾಲು ಭಾಗದಷ್ಟು ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸಿ ಬೇಕೆಂತಲೇ ಮೆತ್ತಗೆ ಮಾಡುತ್ತಾರೆ. ಕಾರಿನಲ್ಲಿ ಅಪಘಾತವಾಗಿ ತಲೆ ಗಾಜಿಗೆ ಬಡಿದರೆ ಹಾಳೆ ಹಿಗ್ಗಿ ಏಟನ್ನು ಹೀರಿಕೊಳ್ಳಬೇಕು, ಅಲ್ವಾ? ಆ ಮೆದುತನ ಅಲ್ಲಿ ಜೀವ ಉಳಿಸುತ್ತದೆ. ನಿಮ್ಮ ಬಾಲ್ಕನಿಯಲ್ಲಿ ಅದೇ ಮೆದುತನ ಅಡ್ಡಿಯಾಗುತ್ತದೆ.

ಎಸ್‌ಜಿಪಿ ಎಂದರೆ ಸೆಂಟ್ರಿಗ್ಲಾಸ್ ಪ್ಲಸ್, ಡ್ಯುಪಾಂಟ್ ಕಂಪನಿ ಇಟ್ಟಿದ್ದ ಹಳೆಯ ಹೆಸರು. 1992ರಲ್ಲಿ ಆಂಡ್ರ್ಯೂ ಚಂಡಮಾರುತ ಅಮೆರಿಕದ ಫ್ಲೋರಿಡಾವನ್ನು ಹಾಳುಗೆಡವಿದ ಮೇಲೆ, ಗಾಳಿಯಲ್ಲಿ ಹಾರಿ ಬಂದ ಮರದ ತುಂಡು ಬಡಿದರೂ ಕಿತ್ತು ಬಾರದ ಕಿಟಕಿ ಗಾಜು ಬೇಕು ಅಂತ ಅಲ್ಲಿ ಬೇಡಿಕೆ ಬಂತು. ಈ ಹಾಳೆ ಬೆಳೆದದ್ದು ಆ ಬೇಡಿಕೆಯಿಂದ. ಇದು ಅಯಾನೊಪ್ಲಾಸ್ಟ್ ಜಾತಿಯ ಪ್ಲಾಸ್ಟಿಕ್. ಗಾಲ್ಫ್ ಚೆಂಡಿನ ಹೊರಚಿಪ್ಪಿಗೆ ಬಳಸುವ ಸರ್ಲಿನ್ ಇದೆಯಲ್ಲ, ಅದರ ಹತ್ತಿರದ ನೆಂಟ. ಪ್ಲಾಸ್ಟಿಸೈಜರ್ ಇದರಲ್ಲಿಲ್ಲ. ಉದ್ದುದ್ದ ಅಣುಸರಪಳಿಗಳನ್ನು ಅಯಾನುಗಳು ಅಲ್ಲಲ್ಲಿ ಬಿಗಿದು ಹಿಡಿದಿರುತ್ತವೆ, ಅದಕ್ಕೇ ಗಡುಸು. 2014ರಿಂದ ಈ ವ್ಯವಹಾರ ಜಪಾನಿನ ಕುರಾರೆ ಕಂಪನಿಯ ಕೈಯಲ್ಲಿದೆ. ಆದರೆ ನಮ್ಮ ಮಾರ್ಕೆಟ್ಟಿನಲ್ಲಿ ಯಾವ ಕಂಪನಿಯ ಅಯಾನೊಪ್ಲಾಸ್ಟ್ ಇದ್ದರೂ "ಎಸ್‌ಜಿಪಿ" ಎಂದೇ ಕರೆಯುತ್ತಾರೆ. ಕೊಟೇಶನ್ನಿನಲ್ಲಿ ಬರೀ ಮೂರಕ್ಷರ ಬರೆದಿದ್ದರೆ ಕಂಪನಿ ಮತ್ತು ಉತ್ಪನ್ನದ ಪೂರ್ತಿ ಹೆಸರು ಬರೆಸಿಕೊಳ್ಳಿ.

ಈಗ ಆ ನೂರು ಪಟ್ಟಿನ ವಿಷಯ. ಸುಳ್ಳಲ್ಲ. 30 ಡಿಗ್ರಿ ಶಾಖದಲ್ಲಿ, ಕೆಲವೇ ಸೆಕೆಂಡು ಭಾರ ಬಿದ್ದರೆ, ಮಾಮೂಲಿ ಪಿವಿಬಿಯ ಶಿಯರ್ ಮಾಡ್ಯುಲಸ್, ಅಂದರೆ ಜಾರುವಿಕೆಯನ್ನು ತಡೆಯುವ ಗಡಸುತನ, ಸುಮಾರು 1 ಮೆಗಾಪಾಸ್ಕಲ್. ಅಯಾನೊಪ್ಲಾಸ್ಟಿನದ್ದು 100ಕ್ಕೂ ಮೇಲೆ. ಆದರೆ ಅದು ಹಾಳೆಯ ಗಡಸುತನ. ರೇಲಿಂಗ್ ನೂರು ಪಟ್ಟು ಗಟ್ಟಿಯಾಗುತ್ತದೆ ಅಂತ ಅದರ ಅರ್ಥವಲ್ಲ. ಲೆಕ್ಕ ಹಾಕಿ ತೋರಿಸುತ್ತೇನೆ.

ಗಾಜನ್ನು ಹೊರಗೆ ತಳ್ಳಿದಾಗ ಎರಡೂ ಹಾಳೆ ಬಾಗುತ್ತವೆ. ಬಾಗುವಾಗ ಒಂದರ ಮೇಲೊಂದು ಚೂರು ಜಾರಲು ನೋಡುತ್ತವೆ. ನಡುವಿನ ಪ್ಲಾಸ್ಟಿಕ್ ಮೆತ್ತಗಿದ್ದರೆ ಜಾರಲು ಬಿಡುತ್ತದೆ, ಆಗ ಎರಡು ಗಾಜು ಬೇರೆ ಬೇರೆಯಾಗಿ ದುಡಿಯುತ್ತವೆ. ಪ್ಲಾಸ್ಟಿಕ್ ಗಡುಸಾಗಿದ್ದರೆ ಜಾರಲು ಬಿಡುವುದಿಲ್ಲ, ಎರಡೂ ಸೇರಿ ಒಂದೇ ದಪ್ಪ ಗಾಜಿನಂತೆ ನಿಲ್ಲುತ್ತವೆ. ನಿಮ್ಮ 1.1 ಮೀಟರ್ ರೇಲಿಂಗಿನ ಮೇಲಂಚನ್ನು ಮೀಟರಿಗೆ 0.75 ಕಿಲೊನ್ಯೂಟನ್, ಅಂದರೆ ಹೆಚ್ಚುಕಡಿಮೆ 76 ಕಿಲೊ ಭಾರದಷ್ಟು ಬಲದಿಂದ ಹೊರಗೆ ತಳ್ಳಿದರು ಅಂತಿಟ್ಟುಕೊಳ್ಳಿ. ಕೆಳಗಿನ ಹಿಡಿತ ಅಲುಗಾಡುವುದಿಲ್ಲ ಎಂದುಕೊಳ್ಳೋಣ. 10+10 ಗಾಜು ಪೂರ್ತಿ ಸಡಿಲವಾಗಿ ಜಾರಿದರೆ ಮೇಲಂಚು ಸುಮಾರು 28 ಮಿ.ಮೀ. ಹೊರಗೆ ಹೋಗುತ್ತದೆ. ನಡುವೆ 1.52 ಮಿ.ಮೀ. ಹಾಳೆ ಇದ್ದು, ಸ್ವಲ್ಪವೂ ಜಾರದಿದ್ದರೆ ಸುಮಾರು 6 ಮಿ.ಮೀ. ವ್ಯತ್ಯಾಸ ಹೆಚ್ಚೆಂದರೆ ಐದು ಪಟ್ಟು. ಪ್ಲಾಸ್ಟಿಕ್ ಇನ್ನೆಷ್ಟೇ ಗಡುಸಾದರೂ ಐದು ಪಟ್ಟು ದಾಟುವುದಿಲ್ಲ, ಯಾಕೆಂದರೆ ಅದಾದ ಮೇಲೆ ಬಾಗುವುದು ಗಾಜೇ.

ಅಯಾನೊಪ್ಲಾಸ್ಟ್ ಆ 6ರ ಹತ್ತಿರಕ್ಕೆ ಬರುತ್ತದೆ. ಪಿವಿಬಿ ಎಲ್ಲಿ ನಿಲ್ಲುತ್ತದೆ ಎನ್ನುವುದು ಎರಡು ವಿಷಯದ ಮೇಲಿದೆ: ಎಷ್ಟು ಬಿಸಿ, ಎಷ್ಟು ಹೊತ್ತು. ಹವಾನಿಯಂತ್ರಣದ ಆಫೀಸಿನೊಳಗೆ, ಯಾರೋ ಒಂದು ಕ್ಷಣ ತಾಗಿ ಹೋದರೆ ಪಿವಿಬಿ ಚೆನ್ನಾಗಿಯೇ ಹಿಡಿದುಕೊಳ್ಳುತ್ತದೆ. ಅದು ಗಡುಸು ಬಿಟ್ಟು ಮೆತ್ತಗಾಗಲು ಶುರುವಾಗುವುದು ಸುಮಾರು 20 ಡಿಗ್ರಿ ಆಸುಪಾಸಿನಲ್ಲಿ. ಮಂಗಳೂರಿನಲ್ಲಿ ಗಾಜು 20 ಡಿಗ್ರಿಗೆ ಇಳಿಯುವುದೇ ಅಪರೂಪ. ಏಪ್ರಿಲ್ ತಿಂಗಳ ಸಂಜೆ ಪಶ್ಚಿಮದ ಬಿಸಿಲಿಗೆ ಮುಖ ಮಾಡಿ ನಿಂತ ಗಾಜು 40 ದಾಟುವುದು ದೊಡ್ಡ ವಿಷಯವಲ್ಲ. ಅದೇ ಹೊತ್ತಿಗೆ ಮನೆಗೆ ಬಂದ ನೆಂಟರೆಲ್ಲ ಸೂರ್ಯಾಸ್ತ ನೋಡುತ್ತಾ ರೇಲಿಂಗಿಗೆ ಒರಗಿ ಮಾತಿಗೆ ನಿಲ್ಲುತ್ತಾರೆ. ಬಿಸಿಯೂ ಇದೆ, ಹೊತ್ತೂ ಇದೆ. ಪಿವಿಬಿ ಆ 28ರ ಕಡೆಗೇ ವಾಲುತ್ತದೆ. ಗಾಜು ಮುರಿಯುವುದಿಲ್ಲ, ಆದರೆ ಒರಗಿದವರ ಬೆನ್ನಿಗೆ ಅಲುಗಾಟ ತಿಳಿಯುತ್ತದೆ. ಯಾರಿಗೂ ಹಿತವೆನಿಸುವುದಿಲ್ಲ. ಅಯಾನೊಪ್ಲಾಸ್ಟ್ ಮೆತ್ತಗಾಗುವುದು 55 ಡಿಗ್ರಿ ಹತ್ತಿರ. ಅದೂ ಬಿಸಿಗೆ ಸೋಲುತ್ತದೆ, ಆದರೆ ನಿಮ್ಮೂರಿನ ಬಾಲ್ಕನಿಯಲ್ಲಿ ಅಷ್ಟು ದೂರ ಹೋಗುವುದು ಕಷ್ಟ. ಕಲಬುರಗಿಯ ಬಿಸಿಲಲ್ಲಿ ಕಪ್ಪು ಬಣ್ಣದ ಗಾಜಾಗಿದ್ದರೆ ನಾನು ಇನ್ನೊಮ್ಮೆ ಯೋಚಿಸುತ್ತಿದ್ದೆ.

ಈಗ ಒಡೆದ ಮೇಲಿನ ಸ್ಥಿತಿ. ನನ್ನ ಮಟ್ಟಿಗೆ ಇಡೀ ಉತ್ತರದಲ್ಲಿ ಮುಖ್ಯವಾದದ್ದು ಇದೇ. ಒಂದು ಗಾಜು ಒಡೆದು ಇನ್ನೊಂದು ಉಳಿದರೆ ಯಾವ ಹಾಳೆಯಿದ್ದರೂ ರೇಲಿಂಗ್ ನಿಂತಿರುತ್ತದೆ. ಎರಡೂ ಒಡೆದರೆ? ಎರಡೂ ಟಫನ್ಡ್ ಆಗಿದ್ದು ನಡುವೆ ಮಾಮೂಲಿ ಪಿವಿಬಿ ಇದ್ದರೆ, ಚೂರುಗಳು ಹಾಳೆಗೆ ಅಂಟಿಕೊಂಡಿರುತ್ತವೆ ನಿಜ, ಆದರೆ ಇಡೀ ಫಲಕ ಚಾನೆಲ್ಲಿನ ಅಂಚಿನಲ್ಲಿ ಮಡಚಿ ಒದ್ದೆ ಬೈರಾಸಿನ ಹಾಗೆ ಹೊರಕ್ಕೆ ಜೋತುಬೀಳುತ್ತದೆ. ಒರಗಿದವರನ್ನು ಅದು ತಡೆಯುವುದಿಲ್ಲ. ಅಯಾನೊಪ್ಲಾಸ್ಟ್ ಇದ್ದರೆ ಚೂರು ಚೂರಾದ ಮೇಲೂ ಫಲಕ ನೆಟ್ಟಗೆ ನಿಲ್ಲುತ್ತದೆ. ಬದಲಿಸಲೇಬೇಕು, ಆದರೆ ಬದಲಿಸುವ ತನಕ ಅಲ್ಲೊಂದು ತಡೆ ಇರುತ್ತದೆ. ಅಮೆರಿಕದ ಗ್ರ್ಯಾಂಡ್ ಕ್ಯಾನಿಯನ್ನಿನ ಅಂಚಿನಿಂದ 21 ಮೀಟರ್ ಆಚೆಗೆ ಚಾಚಿ 2007ರಲ್ಲಿ ತೆರೆದ ಸ್ಕೈವಾಕ್ ಗಾಜಿನಲ್ಲಿ ಈ ಹಾಳೆ ಹಾಕಿದ್ದಕ್ಕೆ ಕಾರಣ ನೋಟ ಮಾತ್ರವಲ್ಲ, ಇದೂ ಹೌದು.

ಗಾಜಿನ ಜಾತಿಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹೀಟ್ ಸ್ಟ್ರೆಂತನ್ಡ್ ಅಂತ ಒಂದಿದೆ, ಟಫನ್ಡ್‌ನ ಅರ್ಧದಷ್ಟು ಬಿಗಿ. ಬಲ ಕಡಿಮೆ: ಲೆಕ್ಕಕ್ಕೆ ಹಿಡಿಯುವ ಬಲ ಟಫನ್ಡ್‌ಗೆ 120 ಮೆಗಾಪಾಸ್ಕಲ್ ಆದರೆ ಇದಕ್ಕೆ 70. ಆದರೆ ಒಡೆದಾಗ ದೊಡ್ಡ ದೊಡ್ಡ ತುಂಡುಗಳಾಗುತ್ತದೆ. ಆ ತುಂಡುಗಳು ಒಂದಕ್ಕೊಂದು ಸಿಕ್ಕಿಕೊಂಡು ಪ್ಲಾಸ್ಟಿಕ್ಕಿಗೆ ಬೆನ್ನೆಲುಬಾಗುತ್ತವೆ. ಒಂದು ಟಫನ್ಡ್, ಒಂದು ಹೀಟ್ ಸ್ಟ್ರೆಂತನ್ಡ್ ಸೇರಿಸುವವರೂ ಇದ್ದಾರೆ. ನಿಮ್ಮ ಪ್ರೊಸೆಸರ್, ಅಂದರೆ ಗಾಜನ್ನು ಟಫನ್, ಲ್ಯಾಮಿನೇಟ್ ಮಾಡಿಕೊಡುವ ಘಟಕದವರು, ಅದನ್ನು ಮಾಡುತ್ತಾರಾ ಕೇಳಿ ನೋಡಿ. ಎಲ್ಲರೂ ಮಾಡುವುದಿಲ್ಲ.

ಇನ್ನು ಮೂರನೆಯವರ 8+8 ಮಾತು. ಕೇಳಲು ಚೆಂದ, ಅರ್ಧ ನಿಜ. ಅಯಾನೊಪ್ಲಾಸ್ಟ್ ಹಾಕಿದ 8+8 ಮೇಲಿನ ಅದೇ ಭಾರಕ್ಕೆ ಸುಮಾರು 11 ಮಿ.ಮೀ. ಬಾಗುತ್ತದೆ. ಅಂದರೆ ಪೂರ್ತಿ ಜಾರುವ 10+10ಕ್ಕಿಂತ ಬಹಳ ವಾಸಿ. ಗಾಜಿನ ತೂಕವೂ ಚದರ ಮೀಟರಿಗೆ 50 ಕಿಲೊ ಇದ್ದದ್ದು 40 ಆಗುತ್ತದೆ. ಆದರೆ ಒಂದು ಗಾಜು ಒಡೆದ ದಿನ ಏನಾಗುತ್ತದೆ ನೋಡಿ. ಉಳಿದ ಒಂದು 8 ಮಿ.ಮೀ. ಗಾಜು ಒಂಟಿಯಾಗಿ ಆ ಭಾರ ಹೊರಬೇಕಾದರೆ ಅದರ ಬುಡದಲ್ಲಿ ಸುಮಾರು 77 ಮೆಗಾಪಾಸ್ಕಲ್ ಒತ್ತಡ ಬೀಳುತ್ತದೆ. 10 ಮಿ.ಮೀ. ಆದರೆ 50ರಷ್ಟು. ಹೀಟ್ ಸ್ಟ್ರೆಂತನ್ಡ್ 8 ಮಿ.ಮೀ. ಅಲ್ಲಿಗೇ ಸೋತಿತು. ಟಫನ್ಡ್ ತಡೆದುಕೊಳ್ಳಬಹುದು, ಆದರೆ ಕೈಯಲ್ಲಿ ಉಳಿಯುವ ಅಂತರ ನನಗೆ ಸಮಾಧಾನ ಕೊಡುವಷ್ಟಿಲ್ಲ. ಒಡೆದ ಗಾಜೂ ಅಯಾನೊಪ್ಲಾಸ್ಟ್ ಜೊತೆ ಸೇರಿ ಅಷ್ಟಿಷ್ಟು ಕೆಲಸ ಮಾಡುತ್ತದೆ ಎಂದು ವಾದಿಸಬಹುದು. ಹಾಗೆ ವಾದಿಸುವವರು ಸಹಿ ಹಾಕಿದ ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಕೊಡಲಿ. ಕೊಡದಿದ್ದರೆ 10+10 ಇರಲಿ. ಗಟ್ಟಿ ಹಾಳೆ ಹಾಕಿದ ನೆಪದಲ್ಲಿ ಗಾಜು ತೆಳ್ಳಗೆ ಮಾಡಿ, ಉಳಿತಾಯ ತಾವಿಟ್ಟುಕೊಂಡು, ನಿಮಗೆ ಜಾಸ್ತಿ ರೇಟು ಹಾಕುವುದು ಈ ವ್ಯಾಪಾರದಲ್ಲಿ ನಡೆಯುತ್ತದೆ.

ಮಾಮೂಲಿ ಪಿವಿಬಿ, ಅಯಾನೊಪ್ಲಾಸ್ಟ್ ಇವೆರಡರ ನಡುವೆ ಇನ್ನೊಂದು ದಾರಿಯಿದೆ, ನಿಮಗೆ ಯಾರೂ ಹೇಳಿದಂತಿಲ್ಲ. ಗಟ್ಟಿ ಪಿವಿಬಿ. ಅದೇ ಪಿವಿಬಿ, ಪ್ಲಾಸ್ಟಿಸೈಜರ್ ಕಡಿಮೆ. ಈಸ್ಟ್‌ಮನ್ ಕಂಪನಿಯ ಸ್ಯಾಫ್ಲೆಕ್ಸ್ ಡಿಜಿ, ಕುರಾರೆಯ ಟ್ರೋಸಿಫಾಲ್ ಎಕ್ಸ್‌ಟ್ರಾ ಸ್ಟಿಫ್ ಈ ಸಾಲಿನವು. 30 ಡಿಗ್ರಿಯಲ್ಲಿ ಮಾಮೂಲಿ ಪಿವಿಬಿಗಿಂತ ಎಷ್ಟೋ ಗಡುಸು. 45-50ಕ್ಕೆ ಬಂದರೆ ಬೇಗ ಸಡಿಲಾಗುತ್ತದೆ. ಒಡೆದ ಮೇಲೆ ನಿಲ್ಲುವುದರಲ್ಲಿ ಅಯಾನೊಪ್ಲಾಸ್ಟ್ ಇದಕ್ಕಿಂತ ಮುಂದೆ. ಆದರೆ ಮಾಮೂಲಿ ಪಿವಿಬಿ ಲೈನಿನಲ್ಲೇ ಇದನ್ನು ಲ್ಯಾಮಿನೇಟ್ ಮಾಡಬಹುದು. ಬಜೆಟ್ ಬಿಗಿಯಾಗಿದ್ದರೆ ಕೇಳಿ ನೋಡುವಂಥದ್ದು. ಇವಿಎ ಎಂಬ ಇನ್ನೊಂದು ಬಗೆಯ ಹಾಳೆಯನ್ನೂ ಯಾರಾದರೂ ಹೇಳಬಹುದು. ಆಟೋಕ್ಲೇವ್ (ಒತ್ತಡದಲ್ಲಿ ಬೇಯಿಸುವ ದೊಡ್ಡ ಓವನ್) ಇಲ್ಲದೆ ವ್ಯಾಕ್ಯೂಮ್ ಓವನ್ನಿನಲ್ಲೇ ಮಾಡಬಹುದಾದ್ದರಿಂದ ಸಣ್ಣ ಘಟಕಗಳಿಗೆ ಅದು ಇಷ್ಟ. ಒಳಗಿನ ಪಾರ್ಟಿಶನ್, ಬಟ್ಟೆ ಹುದುಗಿಸಿದ ಅಲಂಕಾರದ ಗಾಜಿಗೆ ಒಳ್ಳೆಯದೇ. ಕಂಬವಿಲ್ಲದ ರೇಲಿಂಗಿಗೆ ಬೇಡ.

"ತಿಳಿಯಾಗಿ ಕಾಣುತ್ತದೆ" ಎಂಬ ಮಾತಿಗೆ ಬರೋಣ. ಅಯಾನೊಪ್ಲಾಸ್ಟಿನಲ್ಲಿ ಹಳದಿ ಛಾಯೆ ಕಡಿಮೆ, ವರ್ಷಗಳು ಕಳೆದರೂ ಬಣ್ಣ ಬೇಗ ಬದಲಾಗುವುದಿಲ್ಲ. ಆದರೆ ಮಾಮೂಲಿ ಫ್ಲೋಟ್ ಗಾಜಿನಲ್ಲೇ ಕಬ್ಬಿಣದ ಅಂಶದಿಂದ ಬರುವ ಹಸಿರು ಇರುತ್ತದೆ. ಎರಡು 10 ಮಿ.ಮೀ. ಸೇರಿದರೆ ಅಂಚು ಕಡುಹಸಿರು. ಅದರ ಮುಂದೆ ಹಾಳೆಯ ತಿಳಿ ಎಲ್ಲಿ ಕಾಣಬೇಕು? ತಿಳಿಯೇ ಬೇಕೆಂದಿದ್ದರೆ ಮೊದಲು ಎಕ್ಸ್‌ಟ್ರಾ ಕ್ಲಿಯರ್, ಅಂದರೆ ಕಬ್ಬಿಣ ಕಡಿಮೆಯಿರುವ ಗಾಜು ಹಾಕಿಸಿ. ಅದನ್ನು ಹಾಕಿಸದೆ ತಿಳಿಯ ಹೆಸರಿನಲ್ಲಿ ಎಸ್‌ಜಿಪಿಗೆ ದುಡ್ಡು ಕೊಡುವುದು ಸುಮ್ನೆ ದಂಡ. ಇನ್ನೊಂದು ಮಾತು. ಅಯಾನೊಪ್ಲಾಸ್ಟನ್ನು ಆಟೋಕ್ಲೇವಿನಲ್ಲಿ ಬೇಯಿಸಿದ ಮೇಲೆ ಬೇಗ ತಣಿಸಬೇಕು. ನಿಧಾನವಾಗಿ ತಣಿದರೆ ಒಳಗೆ ಹರಳು ಕಟ್ಟಿ ಮಂಜು ಮುಸುಕಿದಂತಾಗುತ್ತದೆ. ದಪ್ಪ ಗಾಜಿನಲ್ಲಿ ಈ ಕಾಟ ಜಾಸ್ತಿ. ಹಾಗಾಗಿ ಹಾಳೆ ತಿಳಿಯಾಗಿದ್ದರೆ ಸಾಲದು, ಮಾಡುವ ಕೈಯೂ ಪಳಗಿರಬೇಕು.

ಕೈ ಪಳಗಿದೆಯೇ ಅಂತ ತಿಳಿಯಲು ಪ್ರೊಸೆಸರ್ ಹತ್ತಿರ ಹೋದಾಗ ಎರಡು ವಿಷಯ ಕೇಳಿ. ಒಂದು, ತವರದ ಮಗ್ಗುಲು ಯಾವುದೆಂದು ಹೇಗೆ ನೋಡುತ್ತೀರಿ ಅಂತ. ಫ್ಲೋಟ್ ಗಾಜು ಕರಗಿದ ತವರದ ಮೇಲೆ ತೇಲಿ ತಯಾರಾಗುತ್ತದೆ, ತವರಕ್ಕೆ ತಾಗಿದ ಮಗ್ಗುಲಿನಲ್ಲಿ ಅದರ ಅಂಶ ಉಳಿದಿರುತ್ತದೆ. ಅಯಾನೊಪ್ಲಾಸ್ಟ್ ಗಟ್ಟಿಯಾಗಿ ಅಂಟುವುದು ಆ ಮಗ್ಗುಲಿಗೆ. ಗಾಳಿಯ ಮಗ್ಗುಲು ಒಳಗೆ ಬಂದರೆ ಪ್ರೈಮರ್ ಬೇಕಾಗಬಹುದು. ಬರಿಗಣ್ಣಿಗೆ ಎರಡೂ ಒಂದೇ. ಕತ್ತಲೆಯಲ್ಲಿ ಶಾರ್ಟ್‌ವೇವ್ ಯುವಿ ದೀಪ ಓರೆಯಾಗಿ ಹಿಡಿದರೆ ತವರದ ಮಗ್ಗುಲು ಹಾಲುಬಿಳುಪಾಗಿ ಬೆಳಗುತ್ತದೆ, ಇನ್ನೊಂದು ಮಗ್ಗುಲು ಕಪ್ಪಗೇ ಇರುತ್ತದೆ. ಈ ಕೆಲಸ ದಿನಾ ಮಾಡುವವರ ಟೇಬಲ್ ಮೇಲೆ ಆ ದೀಪ ಇದ್ದೇ ಇರುತ್ತದೆ. "ಅದೆಲ್ಲ ಬೇಡ ಸಾರ್" ಅಂದರೆ ನೀವೂ ಬೇಡ ಅನ್ನಿ. ಎರಡು, ಹಾಳೆಯನ್ನು ಹೇಗೆ ಇಡುತ್ತೀರಿ ಅಂತ. ಅಯಾನೊಪ್ಲಾಸ್ಟ್ ತೇವ ಹೀರದಂತೆ ಫಾಯಿಲ್ ಪ್ಯಾಕಿನಲ್ಲಿ ಬರುತ್ತದೆ. ಒಡೆದ ಪ್ಯಾಕನ್ನು ಮಳೆಗಾಲದಲ್ಲಿ ಹಾಗೇ ಬಿಟ್ಟಿದ್ದರೆ ಆ ಹಾಳೆ ಕೆಲಸಕ್ಕೆ ಬಾರದು.

ಇದಲ್ಲದೆ ಗಾಜು ಸಪಾಟಾಗಿರಬೇಕು. ಟಫನಿಂಗ್ ಕುಲುಮೆಯ ರೋಲರ್ ಮೇಲೆ ಹಾದು ಬರುವಾಗ ಗಾಜಿಗೆ ಅಲೆಯಲೆಯಾದ ಉಬ್ಬುತಗ್ಗು ಬರುತ್ತದೆ. ಮೆತ್ತನೆಯ ಪಿವಿಬಿ ಅದನ್ನು ತುಂಬಿಕೊಳ್ಳುತ್ತದೆ, ಗಡುಸು ಹಾಳೆ ಅಷ್ಟಾಗಿ ತುಂಬುವುದಿಲ್ಲ. ಆಗ ಅಂಚಿನಲ್ಲಿ ಗುಳ್ಳೆ.

ಸಮುದ್ರದ ಗಾಳಿ, ನಾಲ್ಕು ತಿಂಗಳ ಮಳೆ ಇರುವ ಊರಿನಲ್ಲಿ ಅಂಚಿನ ಪ್ರಶ್ನೆ ದೊಡ್ಡದು. ನಿಮ್ಮ ರೇಲಿಂಗಿನ ಮೇಲಂಚು, ಪಕ್ಕದಂಚು ತೆರೆದಿರುತ್ತವೆ. ಪಿವಿಬಿ ತೇವ ಹೀರುತ್ತದೆ. ವರ್ಷಗಟ್ಟಲೆ ಒದ್ದೆಯಾದರೆ ಅಂಚಿನಿಂದ ಒಳಕ್ಕೆ ಬಿಳಿಚಿದ ಪಟ್ಟಿ ಮೂಡುತ್ತದೆ, ಆಮೇಲೆ ಅಂಟು ಬಿಡಲು ಶುರು. ಅಯಾನೊಪ್ಲಾಸ್ಟ್ ಒಮ್ಮೆ ಸರಿಯಾಗಿ ಲ್ಯಾಮಿನೇಟ್ ಆದರೆ ಈ ವಿಷಯದಲ್ಲಿ ತುಂಬಾ ವಾಸಿ. ನಿಮ್ಮೂರಿಗೆ ಅದನ್ನು ಹೇಳಲು ಇದೇ ನನ್ನ ಎರಡನೇ ಕಾರಣ. ಆದರೆ ಯಾವ ಹಾಳೆಯಿದ್ದರೂ ಬುಡದ ಚಾನೆಲ್ಲಿನಲ್ಲಿ ನೀರು ನಿಲ್ಲಬಾರದು. ನೀರು ಇಳಿದು ಹೋಗಲು ಚಾನೆಲ್ಲಿಗೆ ತೂತು ಬೇಕು, ಆ ತೂತು ಟೈಲ್ಸ್ ಗಾರೆಯಿಂದ ಮುಚ್ಚಿ ಹೋಗಬಾರದು. ಮುಚ್ಚಿ ಹೋಗುವುದೇ ಹೆಚ್ಚು, ಯಾಕೆಂದರೆ ಗಾಜಿನವರು ಹೋದ ಮೇಲೆ ಟೈಲ್ಸಿನವರು ಬರುತ್ತಾರೆ.

ಹಾಗಾದರೆ ಏನು ಮಾಡಬೇಕು? ಹ್ಯಾಂಡ್‌ರೈಲ್ ಬೇಡವೇ ಬೇಡ ಎಂಬ ಹಟ ಇದ್ದರೆ: 10+10, ನಡುವೆ 1.52 ಮಿ.ಮೀ. ಅಯಾನೊಪ್ಲಾಸ್ಟ್, ಟಫನ್ಡ್ ಹಾಳೆಗೆ ಹೀಟ್ ಸೋಕ್. ದುಡ್ಡು ಕೊಡಿ, ದಂಡವಲ್ಲ. ಹಟ ಬಿಡುವುದಾದರೆ: ಮೇಲಂಚಿನ ಮೇಲೆ ಒಂದು ಸಣ್ಣ ಸ್ಟೇನ್‌ಲೆಸ್ ಸ್ಟೀಲ್ ಹ್ಯಾಂಡ್‌ರೈಲ್ ಕೂರಿಸಿ, ಎರಡೂ ತುದಿಯನ್ನು ಗೋಡೆಗೆ ಬಿಗಿಸಿ. ಕಡಲತೀರಕ್ಕೆ 316 ದರ್ಜೆಯ ಸ್ಟೀಲೇ ಆಗಲಿ. ಆಗ ಒಂದು ಫಲಕ ಪೂರ್ತಿ ಒಡೆದರೂ ಹ್ಯಾಂಡ್‌ರೈಲ್ ಅಡ್ಡ ನಿಂತಿರುತ್ತದೆ, ಪಕ್ಕದ ಫಲಕಗಳು ಅದನ್ನು ಹೊರುತ್ತವೆ, ಗಾಜಿನ ಮೇಲಂಚಿಗೆ ಮಳೆಯೂ ಏಟೂ ತಾಗುವುದಿಲ್ಲ. ಹಾಗಿದ್ದಲ್ಲಿ ಮಾಮೂಲಿ ಪಿವಿಬಿಯ 10+10 ಸಾಕು, ಎಂಜಿನಿಯರ್ ಅದನ್ನು ಜಾರುವ ಗಾಜೆಂದೇ ಹಿಡಿದು ಲೆಕ್ಕ ಹಾಕಲಿ. ನನ್ನ ಮನೆಯಾಗಿದ್ದರೆ ಇದನ್ನೇ ಮಾಡುತ್ತಿದ್ದೆ. ಎರಡು ಇಂಚಿನ ಪಟ್ಟಿಯಿಂದ ಅರಬ್ಬಿ ಸಮುದ್ರವೇನೂ ಮರೆಯಾಗುವುದಿಲ್ಲ.

ಕ್ಯಾನೊಪಿಯ ವಿಷಯ ಬೇಗ ಮುಗಿಸುತ್ತೇನೆ. ಅಲ್ಲಿ ಭಾರ ಎಂದರೆ ಗಾಜಿನದೇ ತೂಕ, ಅದು ಹಗಲೂ ರಾತ್ರಿ ಇರುತ್ತದೆ. ಅಷ್ಟು ದೀರ್ಘ ಭಾರಕ್ಕೆ ಪಿವಿಬಿಯ ಗಡಸುತನ ಸೊನ್ನೆ ಎಂದೇ ಹಿಡಿಯಬೇಕು. ನಾಲ್ಕೂ ಕಡೆ ಸ್ಟೀಲ್ ಫ್ರೇಮಿನ ಮೇಲೆ ಕೂತ ಚಿಕ್ಕ ಕ್ಯಾನೊಪಿಯಾದರೆ ಪಿವಿಬಿ ಧಾರಾಳ ಸಾಕು. ನಾಲ್ಕು ತೂತು ಕೊರೆದು ಬೋಲ್ಟಿನಲ್ಲಿ ನೇತುಹಾಕುವುದಾದರೆ ಬೇಡ. ಎರಡೂ ಟಫನ್ಡ್ ಒಡೆದರೆ ಪಿವಿಬಿ ಹಾಳೆ ಬೋಲ್ಟಿನ ಬಳಿ ಹರಿದು ಇಡೀ ಫಲಕ ಕೆಳಗೆ ಬರುತ್ತದೆ. ಅಲ್ಲಿ ಅಯಾನೊಪ್ಲಾಸ್ಟ್ ಮತ್ತು ಹೀಟ್ ಸ್ಟ್ರೆಂತನ್ಡ್ ಜೋಡಿಯೇ ಆಗಬೇಕು.

ಗಾಜು ಬಂದ ದಿನ ನೀವು ದುಡ್ಡು ಕೊಟ್ಟ ಹಾಳೆಯೇ ಒಳಗಿದೆಯಾ ಎಂದು ಹೊರಗಿನಿಂದ ನೋಡಿ ಹೇಳುವುದು ಕಷ್ಟ. ಹಾಳೆಯ ಬ್ಯಾಚ್ ನಂಬರಿರುವ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಜೊತೆಗೆ ಅಂಚು ಸವರುವಾಗ ಉಳಿದ ಪ್ಲಾಸ್ಟಿಕ್ ತುಂಡೊಂದನ್ನು ಇಸಿದುಕೊಳ್ಳಿ. ಉಗುರು ಒತ್ತಿ ನೋಡಿ. ಮಾಮೂಲಿ ಪಿವಿಬಿಯಾದರೆ ಉಗುರು ಇಳಿಯುತ್ತದೆ, ಬೆರಳಿಗೆ ಸುತ್ತಬಹುದು, ಬ್ಲೇಡಿಗೆ ಸಲೀಸಾಗಿ ಕತ್ತರಿಸುತ್ತದೆ. ಅಯಾನೊಪ್ಲಾಸ್ಟ್ ಉಗುರಿಗೆ ಬಗ್ಗುವುದಿಲ್ಲ, ಬ್ಲೇಡಿಗೂ ಒದ್ದಾಡಬೇಕು. ಜೋಡಿಸುವಾಗ ಗಾಜು ಎಲ್ಲೂ ನೇರವಾಗಿ ಲೋಹಕ್ಕೆ ತಾಗಬಾರದು. ಸಿಲಿಕೋನ್ ಟ್ಯೂಬಿನ ಮೇಲೆ ನ್ಯೂಟ್ರಲ್ ಕ್ಯೂರ್ ಎಂದು ಬರೆದಿದೆಯಾ ನೋಡಿಕೊಳ್ಳಿ. ವಿನೆಗರ್ ವಾಸನೆ ಬರುವ ಅಗ್ಗದ ಸಿಲಿಕೋನ್ ಲ್ಯಾಮಿನೇಟೆಡ್ ಗಾಜಿನ ಅಂಚಿಗೆ ಆಗದು, ಹಾಳೆಯ ಅಂಟನ್ನೇ ಕೆಡಿಸುತ್ತದೆ.